ಕಬ್ಬಿಣ ಸುಳ್ಳು ಹೇಳುವುದಿಲ್ಲ

ನನ್ನ ಗಂಡನನ್ನು ನಾನು ಆರು ವರ್ಷ ಕಿವುಡ ಎಂದು ಬೈದಿದ್ದೇನೆ. ಆ ಆರು ವರ್ಷಗಳಲ್ಲಿ ಒಂದು ದಿನವೂ ಅವರಿಗೆ ನಿಜವಾಗಿ ಕಿವಿ ಕೇಳಿಸುವುದಿಲ್ಲ ಎಂದು ನಂಬಿರಲಿಲ್ಲ. ಜಾಣಕಿವುಡು ಅಂದುಕೊಂಡಿದ್ದೆ. ಅದು ಮದುವೆಯಾದ ಮೂರನೇ ವರ್ಷಕ್ಕೆ ಎಲ್ಲ ಗಂಡಸರಿಗೂ ಬರುತ್ತದೆ, ಅದಕ್ಕೆ ಮದ್ದಿಲ್ಲ ಎಂದು ಬಸವನ ಬಾಗೇವಾಡಿಯ ನಮ್ಮವ್ವ ಹೇಳುತ್ತಿದ್ದಳು. ನಮ್ಮಪ್ಪನಿಗೂ ಇತ್ತಂತೆ.

ನಾನು ರೇಣುಕಾ, ಸಿಂದಗಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಲವತ್ತು ಮಕ್ಕಳ ಗದ್ದಲದಲ್ಲೂ ಹಿಂದಿನ ಸಾಲಿನವರಿಗೆ ಮುಟ್ಟುವ ದನಿ ನನ್ನದು. ಅದೇ ದನಿಯಲ್ಲಿ ಮನೆಯಲ್ಲಿ ಒಂದು ಮಾತು ಹೇಳಿದರೆ ಮಗ್ಗುಲಲ್ಲೇ ಕೂತ ಗಂಡ ತಿರುಗಿ ನೋಡದಿದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ, ನೀವೇ ಹೇಳಿ. ನಮ್ಮ ಮನೆಯಲ್ಲಿ ಒಲೆ ಇರುವುದು ಅವರು ಊಟಕ್ಕೆ ಕೂರುವ ಜಾಗದ ಬಲಕ್ಕೆ. ನಾನು ರೊಟ್ಟಿ ಬಡಿಯುತ್ತ ದಿನದ ಸುದ್ದಿಯೆಲ್ಲ ಹೇಳುವುದು, ಅವರು ಸುಮ್ಮನೆ ಉಣ್ಣುವುದು. ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದರೆ ಉತ್ತರವಿಲ್ಲ. ಹಾಕದಿದ್ದರೆ ಖಾಲಿ ತಾಟು ನೋಡುತ್ತ ಕೂತಿರುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣವಾದರೂ ಬಾಲ ಅಲ್ಲಾಡಿಸೀತು ಅಂದಿದ್ದೇನೆ.

ನನ್ನ ಗಂಡ ಯಂಕಪ್ಪ ಪಂಪಿನ ಮೋಟರ್ ರಿಪೇರಿ ಮಾಡುವವರು. ಇಂಡಿ ರಸ್ತೆಗೆ ಅಂಗಡಿ. ಇಂಡಿಯ ನಿಂಬೆ ತೋಟಗಳಿಂದ ಮುದ್ದೇಬಿಹಾಳದ ಹಿಟ್ಟಿನ ಗಿರಣಿಗಳವರೆಗೆ, ಯಾವ ಮೋಟರ್ ಕೆಮ್ಮಿದರೂ ಕರೆ ಬರುವುದು ಅವರಿಗೆ. ಬೇರೆಯವರು ಮೊದಲು ಬಿಚ್ಚಿ ಆಮೇಲೆ ಹುಡುಕುತ್ತಾರೆ. ಇವರು ಬಿಚ್ಚುವ ಮೊದಲೇ ಹೇಳುತ್ತಾರೆ. ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇದೆ, ಮರದ ಹಿಡಿಯದು. ಅದರ ತುದಿಯನ್ನು ಓಡುತ್ತಿರುವ ಮೋಟರಿನ ಮೈಗೆ ಇಟ್ಟು, ಹಿಡಿಯನ್ನು ಬಲಗಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚುತ್ತಾರೆ. ಸುತ್ತ ನಿಂತವರೂ ಉಸಿರು ಹಿಡಿಯುತ್ತಾರೆ. ಹಿಂದಿನ ಬೇರಿಂಗಿನಲ್ಲಿ ಎರಡು ಗುಂಡು ಒಡೆದಿವೆ ಎನ್ನುತ್ತಾರೆ. ಬಿಚ್ಚಿದರೆ ಎರಡೇ ಒಡೆದಿರುತ್ತವೆ, ಮೂರಲ್ಲ.

ಈ ವಿದ್ಯೆ ಕೊಟ್ಟವರು ಬಂದೇನವಾಜ ಉಸ್ತಾದರು. ಈಗಿಲ್ಲ. "ಗಾಳಿ ಸುಳ್ಳ ಹೇಳ್ತೈತಿ ಯಂಕಪ್ಪಾ, ಕಬ್ಬಿಣ ಸುಳ್ಳ ಹೇಳಂಗಿಲ್ಲ" ಎಂಬುದು ಅವರ ಮಾತು, ಗಾಳಿಯಲ್ಲಿ ಬರುವ ಸದ್ದಿಗಿಂತ ಕಬ್ಬಿಣದಲ್ಲಿ ಬರುವ ಸದ್ದನ್ನು ನಂಬು ಎಂದು. ನಮ್ಮ ಮನೆಯಲ್ಲಿ ಆ ಮಾತು ಮಂತ್ರದ ಹಾಗೆ.

ಆ ಮಂತ್ರವೇ ನಮ್ಮನ್ನು ಕೆಡಿಸಿತು. ಫೋನನ್ನು ಬಲಗಿವಿಗೆ ಹಿಡಿದರೆ ಸಪ್ಪಳ ಬರುತ್ತದೆ, ಮಾತು ಬರುವುದಿಲ್ಲ ಎಂದು ನನ್ನ ಗಂಡ ಹೇಳತೊಡಗಿದರು. ಬೈದದ್ದು ಟವರಿಗೆ, ಫೋನು ಎಡಗೈಗೆ ಬಂತು. ಬಲಗಿವಿಯೊಳಗೆ ಹಗಲೂ ರಾತ್ರಿ ಒಂದು ಸಣ್ಣ ಮೋಟರ್ ಓಡುತ್ತಿದೆ ಎಂದರು. ನಮ್ಮವ್ವ ಬಂದು ಬೆಳ್ಳುಳ್ಳಿ ಕಾಸಿದ ಎಣ್ಣೆ ಹಾಕಿ ಹೋದಳು, ಮೋಟರ್ ನಿಲ್ಲಲಿಲ್ಲ. ದವಾಖಾನೆಗೆ ನಡೆಯಿರಿ ಎಂದು ನಾನು ಬಾಯಿ ಬಡಿದುಕೊಂಡಾಗಲೆಲ್ಲ ಅವರು ಎದ್ದು ಸ್ಕ್ರೂಡ್ರೈವರ್ ತರುತ್ತಿದ್ದರು. ಒಮ್ಮೆ ನನ್ನ ಮಿಕ್ಸರ್ ಹಚ್ಚಿ, ಬಲಗಿವಿಯ ಹಿಂದೆ ಹಿಡಿ ಒತ್ತಿ, ಇದರ ಅಚ್ಚು ತಿರುಗುವ ಬುಶ್ ಇನ್ನು ಎರಡು ತಿಂಗಳು ಬಾಳಿಕೆ ಬರುತ್ತದೆ ಎಂದರು. ಸರಿಯಾಗಿ ಎರಡು ತಿಂಗಳಿಗೆ ಮಿಕ್ಸರ್ ನಿಂತಿತು. ಎರಡು ತಿಂಗಳ ಮುಂದಿನದನ್ನು ಕೇಳುವ ಕಿವಿಗೆ ಏನು ರೋಗ ಎಂದು ನನ್ನನ್ನೇ ಕೇಳಿದರು. ದವಾಖಾನೆಯ ಮಾತು ಬಿಟ್ಟೆ. ಮಾತು ಕೇಳುವುದಿಲ್ಲ, ಮೋಟರ್ ಕೇಳುತ್ತದೆ ಅಂದರೆ ಜಾಣಕಿವುಡೇ ಸೈ ಎಂದು ನನ್ನ ಸಿಟ್ಟು ಇನ್ನಷ್ಟು ಗಟ್ಟಿಯಾಯಿತು. ಹೀಗೆ ಎರಡು ವರ್ಷ ಹಾಳಾದವು.

ಹೋದ ವರ್ಷ ಬೇಸಿಗೆಯಲ್ಲಿ ಇಂಡಿ ಹತ್ತಿರ ಭೀಮಶ್ಯಾನ ನಿಂಬೆ ತೋಟಕ್ಕೆ ಹೋಗಿದ್ದರು. ಬಾವಿಯ ದಂಡೆಯ ಮೇಲೆ ಮೋಟರ್. ಹಗಲು ಹನ್ನೊಂದು ಗಂಟೆ. ಎಂದಿನಂತೆ ಸ್ಕ್ರೂಡ್ರೈವರ್ ಒತ್ತಿ ಕಣ್ಣು ಮುಚ್ಚಿದ್ದಾರೆ. ಮುಚ್ಚಿದ್ದೇ ತಡ, ಕುಡಿದವರ ಹಾಗೆ ಬಾವಿಯ ಕಡೆಗೆ ವಾಲಿದ್ದಾರೆ. ಭೀಮಶ್ಯಾ ಅಂಗಿ ಹಿಡಿದು ಹಿಂದಕ್ಕೆ ಎಳೆಯದಿದ್ದರೆ ನಾನು ಇವತ್ತು ಈ ಕತೆ ಹೇಳುತ್ತಿರಲಿಲ್ಲ. ಅಂಗಿಯ ಗುಂಡಿಗಳೆಲ್ಲ ಕಿತ್ತು ಬಾವಿಗೆ ಬಿದ್ದವಂತೆ. ಭೀಮಶ್ಯಾ ಫೋನಿನಲ್ಲಿ ಅಳುಕುತ್ತ ಕೇಳಿದ್ದು ಒಂದೇ ಮಾತು, ಯಂಕಪ್ಪಣ್ಣ ಯಾವಾಗಿನಿಂದ ಕುಡಿಯುತ್ತಾನೆ ಎಂದು. ಚಹಾ ಬಿಟ್ಟು ಬೇರೇನೂ ಕುಡಿಯದ ಮನುಷ್ಯ. ಮರುದಿನವೇ ರಜೆ ಹಾಕಿ, ಮೊದಲ ಬಸ್ಸಿಗೆ ಅವರನ್ನು ವಿಜಯಪುರಕ್ಕೆ ಎಳೆದುಕೊಂಡು ಹೋದೆ.

ಕಿವಿಯ ದವಾಖಾನೆಯಲ್ಲಿ ಪರೀಕ್ಷೆ ಮಾಡುವವಳು ಪ್ರಿಯದರ್ಶಿನಿ ಎಂಬ ಮುದ್ದೇಬಿಹಾಳದ ಹುಡುಗಿ. ಸಪ್ಪಳ ಒಳಗೆ ಬಾರದ ಗಾಜಿನ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಕಿವಿಗೆ ಸಣ್ಣ ಸಣ್ಣ ದನಿ ಬಿಟ್ಟು, ಕೇಳಿದಾಗ ಕೈ ಎತ್ತಲು ಹೇಳಿದಳು. ಎಡಗಿವಿಯ ಗೆರೆ ಕಾಗದದ ಮೇಲ್ಭಾಗದಲ್ಲಿ ನೆಟ್ಟಗೆ ಹೋಗಿತ್ತು. ಬಲಗಿವಿಯದು ಕೆಳಗಿಳಿದು ತಳ ಹಿಡಿದಿತ್ತು. ಈ ಕಿವಿ ಹೆಚ್ಚುಕಡಿಮೆ ಹೋಗೇ ಹೋಗಿದೆ ಎಂದಳು. ನನ್ನ ಗಂಡ ನಕ್ಕುಬಿಟ್ಟರು. ಮಿಷನ್ ಕೆಟ್ಟಿದೆ ಎಂದರು. ಚೀಲದಿಂದ ಸ್ಕ್ರೂಡ್ರೈವರ್ ತೆಗೆದರು. ಅದನ್ನು ತಂದದ್ದು ನನಗೂ ಗೊತ್ತಿರಲಿಲ್ಲ. ಅವಳ ಮೇಜಿನ ಫ್ಯಾನಿಗೆ ತುದಿ ಇಟ್ಟು, ಹಿಡಿಯನ್ನು ಬಲಗಿವಿಯ ಹಿಂದೆ ಒತ್ತಿ, ಈ ಸಲ ಗೋಡೆಗೆ ಆತು ಕಣ್ಣು ಮುಚ್ಚಿದರು. ಇದಕ್ಕೆ ಎಣ್ಣೆ ಬಿಟ್ಟು ವರ್ಷವಾಗಿದೆ, ಮುಂದಿನ ಬುಶ್ ಸವೆದಿದೆ ಎಂದರು. ನಾನು ನಾಚಿಕೆಯಿಂದ ನೆಲ ನೋಡಿದೆ.

ಆ ಹುಡುಗಿ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಡ್ರಾವರಿನಿಂದ ಎರಡು ಕಾಲಿನ, ಚಿಮಟದಂಥ ಒಂದು ಉಕ್ಕಿನ ಟ್ಯೂನಿಂಗ್ ಫೋರ್ಕ್ ತೆಗೆದಳು. ಮೊಣಕೈಗೆ ಬಡಿದಳು, ಅದು ಗುಂಯ್ ಎಂದಿತು. ಅದರ ಬುಡವನ್ನು ತಂದು, ಇವರು ಹಿಡಿ ಒತ್ತುವ ಅದೇ ಎಲುಬಿಗೆ ಇಟ್ಟಳು.

"ಕೇಳಸಾಕತ್ತೈತೇನ್ರಿ ಕಾಕಾ?"

"ಕೇಳಸಾಕತ್ತೈತಿ. ನಾ ಹೇಳಲಿಲ್ಲೇನು?"

"ಯಾವ ಕಿವ್ಯಾಗ?"

ಇದೆಂಥ ಪ್ರಶ್ನೆ ಎಂಬ ಹಾಗೆ ಅವರು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಉಳಿಯಿತು. ಕಣ್ಣು ಮುಚ್ಚಿದರು. ಅವಳು ಇನ್ನೊಮ್ಮೆ ಬಡಿದು ಇಟ್ಟಳು. ನನ್ನ ಗಂಡನ ಕೈ ಮೆಲ್ಲಗೆ ಮೇಲೆದ್ದು, ಬಲಗಿವಿಯ ಕಡೆಗೆ ಹೊರಟು, ನಡುವೆ ನಿಂತು, ತಿರುಗಿ ಎಡಗಿವಿಯನ್ನು ಮುಟ್ಟಿತು.

ಅವಳು ಎಡಗಿವಿಗೆ ಒಂದು ಹೆಡ್‌ಫೋನು ಇಟ್ಟು ಅದರಲ್ಲಿ ಮಳೆಯಂಥ ಸದ್ದು ಬಿಟ್ಟಳು, ಆ ಕಿವಿಗೆ ಬೇರೇನೂ ಕೇಳದಿರಲೆಂದು. ಈಗ ಫ್ಯಾನಿಗೆ ಸ್ಕ್ರೂಡ್ರೈವರ್ ಇಡಿರಿ ಎಂದು ಕೈಸನ್ನೆ ಮಾಡಿದಳು. ಅವರು ಇಟ್ಟರು, ಒತ್ತಿದರು. ಜಾಗ ಬದಲಿಸಿ ಒತ್ತಿದರು. ಚರ್ಮ ಕೆಂಪಾಗುವಷ್ಟು ಒತ್ತಿದರು. ಏನೂ ಕೇಳಿಸದೆ, ಆಮೇಲೆ ಸ್ಕ್ರೂಡ್ರೈವರನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಬಲಗಿವಿಯ ಎಲುಬಿಗೆ ಕೊಟ್ಟ ಸದ್ದು ತಲೆಬುರುಡೆಯ ಉದ್ದಕ್ಕೂ ಹಾದು ಎಡಗಿವಿ ಸೇರುತ್ತದೆ, ಇಷ್ಟು ವರ್ಷ ಮೋಟರ್ ಕೇಳಿದ್ದು ಆ ಕಿವಿಯೇ ಎಂದು ಅವಳು ತಿಳಿಸಿದಳು. ಕೆಲಸ ನಿಲ್ಲಿಸಿದ ಜೊತೆಗಾರನ ಪಾಲನ್ನೂ ಆ ಎಡಗಿವಿ ತಾನೇ ಮಾಡಿತ್ತು, ಹೆಸರು ಮಾತ್ರ ಅವನಿಗೇ ಬಿಟ್ಟಿತ್ತು. ಒಬ್ಬ ಮನುಷ್ಯನ ತಲೆಯೊಳಗೆ ಇಷ್ಟೆಲ್ಲ ನಡೆದು, ಆ ಮನುಷ್ಯನಿಗೇ ಗೊತ್ತಿಲ್ಲ. ಮಗ್ಗುಲಲ್ಲಿ ಮಲಗಿದವಳಿಗೂ ಗೊತ್ತಿಲ್ಲ. ಆರು ವರ್ಷ ನಾನು ಬೈದದ್ದು ಮುಚ್ಚಿದ ಬಾಗಿಲಿಗೆ ಎಂದು ಆಗ ಹೊಳೆಯಿತು.

ದವಾಖಾನೆಯಿಂದ ಹೊರಗೆ ಬಂದಾಗ ಅವರು ಒಂದೇ ಮಾತು ಆಡಿದರು. "ಕಬ್ಬಿಣಾನೂ ಸುಳ್ಳ ಹೇಳ್ತು, ರೇಣುಕಾ." ಮನೆಗೆ ಬಂದವರೇ ಸ್ಕ್ರೂಡ್ರೈವರನ್ನು ಅಟ್ಟಕ್ಕೆ ಎಸೆದರು.

ತಲೆಯ ಎಂಆರ್‌ಐ ಆಯಿತು. ಅದನ್ನು ಹಿಡಿದುಕೊಂಡು ಸೋಲಾಪುರದ ದೊಡ್ಡ ದವಾಖಾನೆಗೆ ಹೋದೆವು. ಅಲ್ಲಿನ ಶಸ್ತ್ರವೈದ್ಯ ಅರುಣಕುಮಾರ, ನಲವತ್ತರ ಆಸುಪಾಸಿನವರು, ಚಿತ್ರವನ್ನು ಪರದೆಯ ಮೇಲೆ ಹಾಕಿದರು. ಬೂದುಬಣ್ಣದ ಮಿದುಳಿನ ಮಗ್ಗುಲಿಗೆ ಬೆಳ್ಳಗೆ ಹೊಳೆಯುವ ಒಂದು ಉಂಡೆ, ಇಂಡಿಯ ಸಣ್ಣ ನಿಂಬೆಕಾಯಿಯಷ್ಟು. ನಾನು ಕ್ಯಾನ್ಸರ್ ಎಂದುಕೊಂಡು ಕುರ್ಚಿ ಹಿಡಿದೆ. ಅಲ್ಲ ಎಂದರು. ಇದು ಬೇರೆ ಕಡೆ ಹರಡುವ ಜಾತಿಯದಲ್ಲ, ಯಾರ ತಪ್ಪಿನಿಂದಲೂ ಬಂದದ್ದಲ್ಲ. ಒಳಗಿವಿಯಿಂದ ಮಿದುಳಿಗೆ ಪೆನ್ಸಿಲಿಗಿಂತ ತೆಳುವಾದ ಒಂದು ಎಲುಬಿನ ಕೊಳವೆ ಇದೆ. ಅದರಲ್ಲಿ ಕೇಳುವ ನರ, ಮೈಯ ಸಮತೋಲ ಸಂಬಾಳಿಸುವ ನರಗಳು, ಮುಖ ಆಡಿಸುವ ನರ, ಎಲ್ಲವೂ ಒಟ್ಟಿಗೆ ಹೋಗುತ್ತವೆ. ಸಮತೋಲ ಸಂಬಾಳಿಸುವ ನರದ ಹೊದಿಕೆಯ ಮೇಲೆ ಈ ಗಡ್ಡೆ ಹುಟ್ಟಿದೆ. ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆದಿದೆ. ಜೋಳದ ಕಾಳು ಇದಕ್ಕಿಂತ ಬೇಗ ಬೆಳೆಯುತ್ತದೆ.

ಅಷ್ಟು ಮೆಲ್ಲಗೆ ಬಂದದ್ದಕ್ಕೇ ಮೈಗೆ ಗೊತ್ತಾಗಲಿಲ್ಲವಂತೆ. ಬಲಗಡೆಯ ನರ ಕೈಬಿಟ್ಟಷ್ಟನ್ನು ಎಡಗಡೆಯದು, ಕಣ್ಣು, ಪಾದ ಸೇರಿ ಹಂಚಿಕೊಂಡು ಮನುಷ್ಯನನ್ನು ನೆಟ್ಟಗೆ ನಿಲ್ಲಿಸಿದ್ದವು. ಬಾವಿಯ ದಂಡೆಯ ಮೇಲೆ ಕಣ್ಣು ಮುಚ್ಚಿದಾಗ ಹೊತ್ತವರಲ್ಲಿ ಒಬ್ಬ ಹೆಗಲು ಕೊಡವಿದಂತಾಯಿತು, ಅದಕ್ಕೇ ವಾಲಿದರು. ನಾನು ಗಂಡನ ಪಾದ ನೋಡಿದೆ. ಹವಾಯಿ ಚಪ್ಪಲಿಯೊಳಗಿನ ಆ ಒಡಕು ಪಾದಗಳು ಇಷ್ಟು ದಿನ ಎಂಥ ಕೆಲಸ ಮಾಡಿದ್ದವು ಎಂದು ಅನಿಸಿ ಕಣ್ಣು ತುಂಬಿತು.

ಗಡ್ಡೆ ಚಿಕ್ಕದಿದ್ದರೆ ವರ್ಷಕ್ಕೊಮ್ಮೆ ಚಿತ್ರ ತೆಗೆದು ಸುಮ್ಮನೆ ಕಾಯಬಹುದಿತ್ತು, ಇಲ್ಲವೇ ಕಿರಣ ಬಿಟ್ಟು ಅದರ ಬೆಳವಣಿಗೆ ತಡೆಯಬಹುದಿತ್ತು ಎಂದರು ಡಾಕ್ಟರು. ಈಗ ಅದು ಮಿದುಳಿನ ಕಾಂಡವನ್ನು ಒತ್ತುತ್ತಿದೆ. ನುಂಗುವುದು, ಉಸಿರಾಡುವುದು ಎಲ್ಲ ಅಲ್ಲಿಂದಲೇ. ತೆಗೆಯಬೇಕು. ಕಿವಿಯ ಹಿಂದೆ ಬುರುಡೆ ಕೊರೆದು ಹೋಗಬೇಕು. ಬಲಗಿವಿಯಲ್ಲಿ ಉಳಿದ ಅಷ್ಟಿಷ್ಟೂ ಹೋಗುತ್ತದೆ. ಇನ್ನೊಂದು ಮಾತನ್ನು ಅವರು ಮುಚ್ಚಿಡಲಿಲ್ಲ. ಮುಖದ ನರ ಈ ಗಡ್ಡೆಯ ಮೇಲೆ ಎಳೆದು ಹಾಸಿಕೊಂಡು, ಈರುಳ್ಳಿಯ ಒಳಗಿನ ಪೊರೆಯಷ್ಟು ತೆಳ್ಳಗಾಗಿದೆ. ಅದು ಹರಿದರೆ ಬಲಗಣ್ಣು ಮುಚ್ಚುವುದಿಲ್ಲ, ಬಾಯಿ ಸೊಟ್ಟಗಾಗುತ್ತದೆ.

ನನ್ನ ಗಂಡ ಎದ್ದು ನಿಂತರು. ಬೇಡ ಎಂದರು. ಸೊಟ್ಟ ಮೋರೆ ಹೊತ್ತು ಹತ್ತು ವರ್ಷ ಬಾಳುವುದಕ್ಕಿಂತ ನೆಟ್ಟಗಿನ ಮೋರೆಯಲ್ಲಿ ಎರಡು ವರ್ಷ ಸಾಕು ಎಂದರು. ನಾನು ಅತ್ತೆ, ಬೈದೆ, ಎಡಗಡೆ ಹೋಗಿ ನಿಂತು ಬೈದೆ. ಕೇಳಿಸಿತು, ಕೇಳಲಿಲ್ಲ. ಬಾಗಿಲ ತನಕ ಹೋದವರು ಅಲ್ಲಿಂದ ತಿರುಗಿ ಡಾಕ್ಟರಿಗೆ ಒಂದು ಪ್ರಶ್ನೆ ಕೇಳಿದರು. ಮೆಕ್ಯಾನಿಕನ ಪ್ರಶ್ನೆ.

"ಅಷ್ಟು ತೆಳ್ಳಗಿನ ನರ ಗಡ್ಡ್ಯಾಗ ಕಾಣಸಂಗಿಲ್ಲಲ್ರಿ. ಹೆಂಗ ಹುಡುಕ್ತೀರಿ?"

"ಕೇಳಿ ಹುಡುಕ್ತೀವ್ರಿ ಯಂಕಪ್ಪ," ಎಂದರು ಡಾಕ್ಟರು.

ಕೆನ್ನೆಯ ಸ್ನಾಯುಗಳಿಗೆ ಕೂದಲೆಳೆಯಂಥ ಸೂಜಿ ಚುಚ್ಚಿ ಒಂದು ಯಂತ್ರಕ್ಕೆ ಜೋಡಿಸುತ್ತಾರಂತೆ. ಡಾಕ್ಟರು ಸಣ್ಣ ಕರೆಂಟಿನ ಒಂದು ಕಡ್ಡಿಯಿಂದ ಗಡ್ಡೆಯನ್ನು ಮುಟ್ಟುತ್ತ ಹೋಗುತ್ತಾರೆ. ಬರೀ ಗಡ್ಡೆಯಿದ್ದರೆ ಯಂತ್ರ ಸುಮ್ಮನಿರುತ್ತದೆ. ಕಡ್ಡಿ ಮುಖದ ನರಕ್ಕೆ ತಾಗಿದೊಡನೆ ಕೆನ್ನೆ ಅದುರಿ, ಯಂತ್ರ ಟಕ್ ಟಕ್ ಎನ್ನುತ್ತದೆ. ಸದ್ದು ಬಂದಲ್ಲಿ ಚಾಕು ಹೋಗುವುದಿಲ್ಲ. ಐದಾರು ತಾಸು ಹೀಗೆ ಮುಟ್ಟುವುದು, ಕೇಳುವುದು, ಮುಟ್ಟುವುದು, ಕೇಳುವುದು. ಕೋಣೆಯಲ್ಲಿ ಆಗ ಯಾರೂ ಮಾತಾಡುವುದಿಲ್ಲ ಎಂದರು.

ನನ್ನ ಗಂಡ ಮೆಲ್ಲಗೆ ಬಂದು ಕುರ್ಚಿಯಲ್ಲಿ ಕೂತರು. ಬಹಳ ಹೊತ್ತು ಡಾಕ್ಟರ ಕೈಗಳನ್ನೇ ನೋಡಿದರು. ಆಮೇಲೆ ಆ ಕಡ್ಡಿ ಯಾವುದರದು ಎಂದು ಕೇಳಿದರು. ಉಕ್ಕಿನದು ಎಂದರು ಡಾಕ್ಟರು. "ಹಂಗಾರ ಮಾಡ್ರಿ," ಎಂದು ಪೆನ್ನು ಕೇಳಿದರು ನನ್ನ ಗಂಡ. ನನ್ನ ಕಣ್ಣೀರಿಗೆ ಬಗ್ಗದ ಮನುಷ್ಯ ಒಂದು ಕಡ್ಡಿಯ ಸಪ್ಪಳಕ್ಕೆ ಸಹಿ ಹಾಕಿದರು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಕಡ್ಡಿಗೆ ಅಲ್ಲಿಂದಲೇ ಕೈ ಮುಗಿದೆ.

ಆಪರೇಷನ್ ದಿನ ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದವರು ಸಂಜೆ ನಾಲ್ಕಕ್ಕೆ ಹೊರಗೆ ಬಂದರು. ಅಷ್ಟೂ ಹೊತ್ತು ನಾನು ಹೊರಗಿನ ಬೆಂಚಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದೆ. ಆ ಬಾಗಿಲುಗಳ ಆಚೆ ನನ್ನ ಗಂಡನ ಕೆನ್ನೆ ತನ್ನ ನರದ ಸುದ್ದಿ ಹೇಳುತ್ತಿದೆ, ಯಾರೋ ಅದನ್ನು ಕಿವಿಗೊಟ್ಟು ಕೇಳುತ್ತಿದ್ದಾರೆ. ಮನುಷ್ಯರು ಇಂಥದನ್ನು ಕಲಿತಿದ್ದಾರೆ ಎಂಬುದೇ ನನಗೆ ದೊಡ್ಡ ಸೋಜಿಗವಾಗಿ ಕಂಡಿತು. ಪಾಠ ಹೇಳುವವಳು ನಾನು, ಇಷ್ಟು ವರ್ಷ ಕಿವಿಯೆಂದರೆ ಪಂಚೇಂದ್ರಿಯಗಳಲ್ಲಿ ಒಂದು ಎಂದು ಬೋರ್ಡಿನ ಮೇಲೆ ಬರೆದು ಮುಂದೆ ಹೋಗುತ್ತಿದ್ದೆ.

ಡಾಕ್ಟರು ಹೊರಬಂದು, ಗಡ್ಡೆ ತೆಗೆದೆವು, ನರಕ್ಕೆ ಅಂಟಿದ ತೆಳುವಾದ ಒಂದು ಪದರ ಬಿಟ್ಟೆವು ಎಂದರು. ಅದನ್ನು ಕೆರೆಯಲು ಹೋದಾಗಲೆಲ್ಲ ಯಂತ್ರ ಬೇಡ ಬೇಡ ಎನ್ನುತ್ತಿತ್ತಂತೆ. ಅದರ ಮೇಲೆ ವರ್ಷವರ್ಷ ಕಣ್ಣಿಡಬೇಕು. ನರ ಉಳಿದಿದೆ, ಆದರೆ ದಣಿದಿದೆ, ಏಳಲು ತಿಂಗಳುಗಳು ಬೇಕು.

ನಿಜವಾಗಿಯೂ ತಿಂಗಳುಗಳೇ ಬೇಕಾದವು. ಬಲಗಣ್ಣು ಮುಚ್ಚುತ್ತಿರಲಿಲ್ಲ. ಒಣಗದಿರಲೆಂದು ತಾಸಿಗೊಮ್ಮೆ ಹನಿ ಬಿಟ್ಟು, ಮಲಗುವಾಗ ರೆಪ್ಪೆಯನ್ನು ನಾನೇ ಬೆರಳಿನಿಂದ ಇಳಿಸಿ ಪಟ್ಟಿ ಅಂಟಿಸುತ್ತಿದ್ದೆ. ಕುಡಿದ ಸಾರು ಬಾಯಿಯ ಬಲ ಮೂಲೆಯಿಂದ ಇಳಿಯುತ್ತಿತ್ತು. ಹೊಲದ ಬದುವಿನ ಮೇಲೆ ನನ್ನ ಹೆಗಲು ಹಿಡಿದು ನಡೆಯುವುದು ಕಲಿತರು, ಒಂದು ಮೊಳ, ಎರಡು ಮೊಳ. ಬಲಗಡೆಯ ನರ ಇನ್ನಿಲ್ಲ ಎಂಬುದನ್ನು ಮಿದುಳು ಒಪ್ಪಿಕೊಂಡು, ಎಲ್ಲವನ್ನೂ ಎಡಗಡೆಯದಕ್ಕೆ ಹೊಸದಾಗಿ ಕಲಿಸುತ್ತಿದೆ, ತಲೆ ಆಡಿಸಿದಷ್ಟೂ ಬೇಗ ಕಲಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ನನ್ನ ಗಂಡ ಬದುವಿನ ಮೇಲೆ ನಿಂತು ಹೌದು, ಅಲ್ಲ ಎಂದು ತಲೆ ಆಡಿಸುತ್ತಿದ್ದರು. ನೋಡಿದವರು ಇವಳ ಜೊತೆ ಇದ್ದೂ ಇದ್ದೂ ಹೀಗಾದ ಎಂದು ನಕ್ಕರು. ನಗಲಿ ಬಿಡಿ. ನಾಲ್ಕನೇ ತಿಂಗಳು ಅವರು ಕೈಬಿಟ್ಟು ನಡೆದರು. ಐದನೇ ತಿಂಗಳು ಒಂದು ಮುಂಜಾನೆ ಬಲರೆಪ್ಪೆ ತಾನಾಗಿ ಅರ್ಧಕ್ಕೆ ಇಳಿಯಿತು. ಸೂರ್ಯೋದಯವನ್ನು ಹಾಗೆ ನಿಂತು ನೋಡಿದವಳಲ್ಲ ನಾನು, ಆ ರೆಪ್ಪೆಯನ್ನು ನೋಡಿದೆ.

ಅಂಗಡಿಯೂ ತೆರೆಯಿತು. ಮೋಟರ್ ಕೇಳಲು ಎಡಗಿವಿ ಇದೆಯಲ್ಲ, ಸಾಕಾಗುತ್ತಿತ್ತು. ಆದರೆ ಅವರು ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಕೈ ಇಟ್ಟು ಅದುರು ನೋಡಿ ಹೇಳುತ್ತಿದ್ದರು, ಎರಡು ಸಲ ತಪ್ಪು ಹೇಳಿದರು. ಊಟಕ್ಕೆ ಕೂತರೆ ಬಲಗಡೆಗೆ ಒಂದು ಗೋಡೆ ಎದ್ದ ಹಾಗೆ ಇರುತ್ತಿದ್ದರು. ಒಲೆಯ ಜಾಗ ಬದಲಿಸಲೇ ಎಂದು ಕೇಳಿದ್ದೆ. ಏನೂ ಬೇಡ, ಆ ಕಡೆ ಸತ್ತಿದೆ, ಬಿಟ್ಟುಬಿಡು ಎಂದರು. ಹಾಗೆಂದಾಗ ಅವರು ಹೇಳಿದ್ದು ಕಿವಿಯೊಂದನ್ನೇ ಅಲ್ಲ ಅನಿಸಿತು. ಆ ಕಡೆ ಕೂರುವವಳು ನಾನು. ಅಲ್ಲಿಂದಲೇ ಆರು ವರ್ಷ ಬೈದವಳೂ ನಾನು. ತಪ್ಪಾಯಿತು ಎಂದು ಹೇಳಲು ಎಷ್ಟೋ ಸಲ ಬಾಯಿ ತೆರೆದಿದ್ದೆ. ಎಡಗಡೆ ಹೋಗಿ ಹೇಳಬಹುದಿತ್ತು. ಆದರೆ ಬೈದದ್ದು ಈ ಕಡೆಯಿಂದ, ಹೇಳಬೇಕಾದದ್ದೂ ಈ ಕಡೆಯಿಂದಲೇ ಎಂದು ನನ್ನ ಹಠ.

ಮೊನ್ನೆ ಭಾನುವಾರ ಮಧ್ಯಾಹ್ನ ಅವರು ಉಂಡು ಕೈ ತೊಳೆದು ಕೂತಿದ್ದರು. ನನಗೆ ತಟ್ಟನೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಿಲ್ಲ. ಏಣಿ ಹಾಕಿ ಅಟ್ಟ ಹತ್ತಿ, ಧೂಳಿನಲ್ಲಿ ಹುಡುಕಿ ಸ್ಕ್ರೂಡ್ರೈವರ್ ತಂದೆ. ಸೀರೆಯ ಸೆರಗಿನಿಂದ ಒರೆಸಿದೆ. ಅವರ ಬಲಕ್ಕೆ ಕೂತು, ಹಿಡಿಯನ್ನು ಗಾಯದ ಕಲೆಯ ಮುಂದಿನ ಎಲುಬಿಗೆ ಮೆಲ್ಲಗೆ ಒತ್ತಿದೆ. ಅವರು ಬೆಚ್ಚಿ ನನ್ನ ಕೈ ಹಿಡಿದರು. ಬಿಡಲಿಲ್ಲ ನಾನು. ಇನ್ನೊಂದು ತುದಿಯನ್ನು ನನ್ನ ಗದ್ದದ ಎಲುಬಿಗೆ ಒತ್ತಿಕೊಂಡೆ. ಏನು ಮಾಡುತ್ತಿದ್ದೇನೆ ಎಂದು ಅವರಿಗೆ ತಿಳಿಯಿತು. ಗಾಳಿಯ ಸದ್ದು ಒಳಗೆ ಬಾರದಿರಲೆಂದು ಎಡಗಿವಿಯೊಳಗೆ ತಮ್ಮ ಬೆರಳು ತಾವೇ ಒತ್ತಿಕೊಂಡು ಕಣ್ಣು ಮುಚ್ಚಿದರು.

ಕಣ್ಣು ಮುಚ್ಚಿದರೂ ವಾಲಲಿಲ್ಲ. ಎರಡೂ ರೆಪ್ಪೆಗಳು ಪೂರಾ ಕೂಡಿದ್ದವು.

ನಲವತ್ತು ಮಕ್ಕಳಿಗೆ ಮುಟ್ಟುವ ದನಿಯನ್ನು ಒಳಗಿಟ್ಟು, ನನಗೇ ಕೇಳಿಸದಷ್ಟು ಸಣ್ಣಗೆ ಹೇಳಿದೆ. "ಆರು ವರ್ಷ ನಿಮ್ಮನ್ನ ಸುಮ್ಮಸುಮ್ಮನ ಬೈದೇನ್ರಿ. ತಪ್ಪಾತು."

ನನ್ನ ಗದ್ದದಿಂದ ಕಬ್ಬಿಣಕ್ಕೆ, ಕಬ್ಬಿಣದಿಂದ ಅವರ ಎಲುಬಿಗೆ, ಆ ಕತ್ತರಿಸಿ ಕೂಡಿಸಿದ ಬುರುಡೆಯ ಉದ್ದಕ್ಕೂ ನಡೆದು ಆ ಮಾತು ಆಚೆ ದಡ ಸೇರಿತೋ ಇಲ್ಲವೋ ಎಂದು ನಾನು ಅವರ ಮುಖ ನೋಡುತ್ತಿದ್ದೆ. ಬಹಳ ಹೊತ್ತು ಮುಖದಲ್ಲಿ ಏನೂ ಆಗಲಿಲ್ಲ. ಆಮೇಲೆ ತುಟಿಯ ಎಡ ಮೂಲೆ ಮೇಲೆದ್ದಿತು. ಅದರ ಹಿಂದೆಯೇ, ಸ್ವಲ್ಪ ತಡವಾಗಿ, ಬಲ ಮೂಲೆಯೂ ಎದ್ದಿತು.

"ಇನ್ನೊಮ್ಮೆ ಹೇಳು," ಎಂದರು.

"ಯಾಕ, ಕೇಳಸಲಿಲ್ಲೇನ್ರಿ?"

"ಕೇಳಸ್ತು. ಅದಕ್ಕ ಹೇಳು ಅಂದೆ."